ಮೊಲದ ಹಾವಳಿಗೆ ಏರ್ ರೈಫಲ್ಲೋ ರಿಮ್‌ಫೈರೋ: ಜಾಗ ನೋಡಿ ಕೋವಿ ಆರಿಸುವ ಸಮಗ್ರ ಮಾರ್ಗದರ್ಶಿ

ಬ್ರಿಟನ್‌ನ ಹೊಲ, ಹುಲ್ಲುಗಾವಲುಗಳಲ್ಲಿ ಮೊಲದ ಕಾಟ ತಡೆಯಲು ಕೋವಿ ಕೊಂಡವರು ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು ಗುಂಪಿನವರು .17 ಎಚ್‌ಎಂಆರ್ ಎಂಬ ರಿಮ್‌ಫೈರ್ (ತೋಟೆಯ ಬುಡದ ಅಂಚಿಗೆ ಬಡಿದು ಸಿಡಿಸುವ ಸಣ್ಣ ರೈಫಲ್) ಕೊಂಡು ಹೊಲಕ್ಕೆ ಬಂದಾಗ ಅಲ್ಲಿ ಸುರಕ್ಷಿತವಾಗಿ ಹೊಡೆಯಬಹುದಾದ ಒಂದು ದಿಕ್ಕೂ ಇಲ್ಲ ಎಂದು ಗೊತ್ತಾಗುತ್ತದೆ. ಇನ್ನೊಂದು ಗುಂಪಿನವರು ಗಾಳಿಯ ಒತ್ತಡದಿಂದ ಪೆಲೆಟ್ ಎಂಬ ಸಣ್ಣ ಗುಂಡು ಹಾರಿಸುವ ಏರ್ ರೈಫಲ್ ಹಿಡಿದು 50 ಮೀಟರ್ ಆಚೆಯ ಮೊಲಕ್ಕೆ ಹೊಡೆಯುತ್ತಾರೆ. ಅದು ಗಾಯಗೊಂಡು ಬಿಲ ಸೇರಿ ನರಳಿ ಸಾಯುತ್ತದೆ. ಎರಡಕ್ಕೂ ಕಾರಣ ಒಂದೇ. ಮೊದಲು ಕೋವಿ ಆರಿಸಿ, ಆಮೇಲೆ ಜಾಗ ನೋಡುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು.

ಇಲ್ಲಿ ಹೇಳಿರುವ ಕಾನೂನು ಬ್ರಿಟನ್‌ನದು, ಮೊಲವೂ ಅಲ್ಲಿನ ಬಿಲವಾಸಿ ಕಾಡುಮೊಲ. ಭಾರತದಲ್ಲಿ ಕಾಡುಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇದನ್ನು ಊರಿನ ತೋಟಕ್ಕೆ ಅನ್ವಯಿಸಬೇಡಿ.

ಹಂತ 1: ಕೋವಿಯಿಲ್ಲದೆ ಜಾಗ ನಡೆದು ನೋಡಿ

ಬೇಕಾದ್ದು: ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್, ಜಾಗದ ದೊಡ್ಡ ನಕ್ಷೆ, ಪೆನ್ಸಿಲ್, ಗುರುತಿಗೆ ನಾಲ್ಕಾರು ಗೂಟ. ರೇಂಜ್‌ಫೈಂಡರ್ ಇಲ್ಲದಿದ್ದರೆ ಅಳತೆ ಟೇಪು ಸಾಕು. ಕಣ್ಣಂದಾಜು ಮಾತ್ರ ಸಾಲದು. ತಗ್ಗು ಹುಲ್ಲಿನ ಬಯಲಿನಲ್ಲಿ 45 ಮೀಟರ್ ದೂರ 30ರಂತೆ ಕಾಣುವುದು ತೀರಾ ಸಾಮಾನ್ಯ.

ಮೊಲ ಬೆಳಗಿನ ಜಾವ ಮತ್ತು ಮುಸ್ಸಂಜೆಗೆ ಮೇಯಲು ಹೊರಬರುತ್ತದೆ, ಬಿಲದಿಂದಲೋ ಬೇಲಿಯಿಂದಲೋ ಹೆಚ್ಚು ದೂರ ಹೋಗುವುದಿಲ್ಲ. ಹಾಗಾಗಿ ಮೊದಲು ಬಿಲದ ಬಾಯಿ, ಹಿಕ್ಕೆಯ ರಾಶಿ, ಬುಡಕ್ಕೆ ಕತ್ತರಿಸಿದಂತಿರುವ ಬೆಳೆಯ ಅಂಚು, ಬೇಲಿಯಡಿಯ ಸವೆದ ದಾರಿ ಇವನ್ನು ನಕ್ಷೆಯಲ್ಲಿ ಗುರುತಿಸಿ. ಆಮೇಲೆ ನೀವು ಮರೆಯಾಗಿ ಕೂರಬಹುದಾದ ಜಾಗಗಳನ್ನು ಗುರುತಿಸಿ, ಅಲ್ಲಿಂದ ಮೇಯುವ ಜಾಗಕ್ಕೆ ಎಷ್ಟು ದೂರ ಎಂದು ಅಳೆಯಿರಿ. ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆಯೇ ಕೂರಬೇಕಾಗುವುದರಿಂದ ಪ್ರತಿ ಮೇವಿನ ಜಾಗಕ್ಕೂ ಕನಿಷ್ಠ ಎರಡು ಕಡೆಯಿಂದ ಅಳೆದಿಡಿ.

ಬಂದ ಸಂಖ್ಯೆಗಳನ್ನು ನೋಡಿ. ಹೆಚ್ಚಿನವು 30 ಮೀಟರ್ ಒಳಗಿದ್ದರೆ ಅರ್ಧ ತೀರ್ಮಾನ ಆದಂತೆಯೇ. ಹೆಚ್ಚಿನವು 50ರಿಂದ 80 ಇದ್ದು ಹತ್ತಿರ ಹೋಗಲು ಮರೆಯೇ ಇಲ್ಲದಿದ್ದರೆ ಲೆಕ್ಕ ಬೇರೆ.

ಹಂತ 2: ಗುಂಡು ನಿಲ್ಲುವ ಜಾಗ ಹುಡುಕಿ

ಇಡೀ ಮಾರ್ಗದರ್ಶಿಯಲ್ಲಿ ಅವಸರ ಮಾಡಬಾರದ ಹಂತ ಇದು. ಮೊಲ ಎಲ್ಲಿದೆ ಎನ್ನುವಷ್ಟೇ ಮುಖ್ಯವಾದ ಪ್ರಶ್ನೆ, ಗುರಿ ತಪ್ಪಿದ ಗುಂಡು, ಇಲ್ಲವೇ ಮೊಲವನ್ನು ಹಾದುಹೋದ ಗುಂಡು, ಎಲ್ಲಿ ನಿಲ್ಲುತ್ತದೆ?

ಇನ್ನೊಂದು ರಿಮ್‌ಫೈರ್ ಆದ .22 ಎಲ್‌ಆರ್‌ನ ಗುಂಡು ತಡೆಯಿಲ್ಲದೆ ಹೋದರೆ ಸುಮಾರು ಒಂದೂವರೆ ಮೈಲಿ, ಅಂದರೆ 2.4 ಕಿಲೋಮೀಟರ್ ದೂರ ತಲುಪಬಲ್ಲದು. ಅದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಅದು ಪುಟಿಯುವ ಗುಣ. ನಿಧಾನವಾಗಿ ಸಾಗುವ, ಭಾರದ ಮೆತ್ತನೆ ಸೀಸದ ಗುಂಡು ಗಟ್ಟಿ ನೆಲಕ್ಕೆ ಓರೆಯಾಗಿ ಬಡಿದರೆ ಒಡೆಯದೆ ದಿಕ್ಕು ಬದಲಿಸಿ ಹಾರುತ್ತದೆ. ನೆಲದಲ್ಲಿ ಚಕಮಕಿ ಕಲ್ಲು ತುಂಬಿದ ಇಂಗ್ಲೆಂಡಿನ ಸುಣ್ಣಮಣ್ಣಿನ ಗುಡ್ಡಗಳಲ್ಲಿ, ಹೆಪ್ಪುಗಟ್ಟಿದ ಚಳಿಗಾಲದ ನೆಲದಲ್ಲಿ, ನೀರಿನ ಮೇಲೆ ಇದು ಇನ್ನೂ ಹೆಚ್ಚು.

ಗುಂಡು ನೇರ ಗೆರೆಯಲ್ಲಿ ಸಾಗುತ್ತದೆ ಎಂದಿಟ್ಟುಕೊಂಡು ಕೋನದ ಲೆಕ್ಕ ಹಾಕಿ ನೋಡಿ. ಸಮತಟ್ಟಾದ ಹುಲ್ಲಿನಲ್ಲಿ ಮಲಗಿ, ನಳಿಗೆ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರುವಾಗ 60 ಮೀಟರ್ ದೂರದ ನೆಲಕ್ಕೆ ಹೊಡೆದರೆ ಗುಂಡು ನೆಲವನ್ನು ಮುಟ್ಟುವ ಕೋನ ಒಂದು ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಪಿಕಪ್ ವಾಹನದ ಮೇಲಿಂದ, ಎರಡೂವರೆ ಮೀಟರ್ ಎತ್ತರದಿಂದ ಹೊಡೆದರೂ ಅದು ಸುಮಾರು 2.4 ಡಿಗ್ರಿ ಅಷ್ಟೆ. ಅಂದರೆ ಎತ್ತರಕ್ಕೆ ಏರಿದರೆ ಅಪಾಯ ತಗ್ಗುತ್ತದೆಯೇ ಹೊರತು ಹೋಗುವುದಿಲ್ಲ. ರಿಮ್‌ಫೈರಿಗೆ ಬೇಕಾದದ್ದು ಮೊಲದ ಹಿಂದೆಯೇ ಏರುವ, ಕಲ್ಲಿಲ್ಲದ, ಮೆತ್ತನೆ ಮಣ್ಣಿನ ದಿಬ್ಬ ಅಥವಾ ಇಳಿಜಾರು. ಬೇಲಿಗಿಡ ತಡೆಯಲ್ಲ. ಮರದ ಸಾಲು ತಡೆಯಲ್ಲ. ದಿಬ್ಬದ ನೆತ್ತಿಯ ಮೇಲೆ, ಹಿಂದೆ ಬರೀ ಆಕಾಶ ಇಟ್ಟುಕೊಂಡು ಕೂತ ಮೊಲಕ್ಕೆ ಯಾವ ಕೋವಿಯಿಂದಲೂ ಹೊಡೆಯುವಂತಿಲ್ಲ.

.17 ಎಚ್‌ಎಂಆರ್‌ನ ಹಗುರ ಗುಂಡು ವೇಗದಲ್ಲಿ ಬಡಿದು ಚೂರಾಗುವುದರಿಂದ ಪುಟಿಯುವುದು ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಈ ಒಂದು ಮಾತನ್ನು ನಂಬಿ ಸಮತಟ್ಟು ಬಯಲಿನಲ್ಲಿ ಹೊಡೆಯುವವರು ತಪ್ಪು ಮಾಡುತ್ತಿದ್ದಾರೆ. ಏರ್ ರೈಫಲ್ ಪೆಲೆಟ್‌ಗೂ ತಡೆ ಬೇಕು. ಅದೂ ಕಲ್ಲಿಗೆ, ಕಾಂಕ್ರೀಟಿಗೆ ಬಡಿದು ತಿರುಗಿ ಬರುತ್ತದೆ. ಆದರೆ ಅದರ ಶಕ್ತಿ ಬೇಗ ಕರಗುವುದರಿಂದ ಕೊಟ್ಟಿಗೆಯ ಸುತ್ತ, ಕುದುರೆ ಲಾಯದ ಹಿಂದೆ, ಮನೆಗೆ ಅಂಟಿದ ಹಿತ್ತಲಿನಲ್ಲಿ ಬಳಸಲು ಸಾಧ್ಯ.

ನಕ್ಷೆಯಲ್ಲಿ ಪ್ರತಿ ಕೂರುವ ಜಾಗದಿಂದ ಹೊಡೆಯಬಹುದಾದ ದಿಕ್ಕಿಗೆ ಹಸಿರು ಗೆರೆ, ಹೊಡೆಯಲೇಬಾರದ ದಿಕ್ಕಿಗೆ ಕೆಂಪು ಗೆರೆ ಎಳೆಯಿರಿ. ಕಾಲುದಾರಿ, ರಸ್ತೆ, ಮನೆ, ಮೇಯುವ ದನ ಕುರಿ, ನೆರೆಯವರ ಗಡಿ ಎಲ್ಲವೂ ಕೆಂಪು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಾಹನ ಓಡಾಡುವ ಸಾರ್ವಜನಿಕ ರಸ್ತೆಯ ಮಧ್ಯದಿಂದ 50 ಅಡಿಯೊಳಗೆ ಕೋವಿ ಹಾರಿಸಿ, ಅದರಿಂದ ದಾರಿಹೋಕರಿಗೆ ಗಾಯ, ಅಡ್ಡಿ ಅಥವಾ ಅಪಾಯ ಆದರೆ ಅದು ಅಪರಾಧ. ಹಸಿರು ಗೆರೆಗಳು ಮೂರ್ನಾಲ್ಕು ಸಹ ಉಳಿಯದಿದ್ದರೆ ರಿಮ್‌ಫೈರ್ ಯೋಚನೆಯನ್ನು ಅಲ್ಲಿಗೇ ಬಿಡಿ.

ಹಂತ 3: ಪರವಾನಗಿ ಮತ್ತು ಅನುಮತಿ

ಏರ್ ರೈಫಲ್: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಳಿಗೆಯ ಬಾಯಲ್ಲಿ ಪೆಲೆಟ್ಟಿನ ಶಕ್ತಿ 12 ಫುಟ್-ಪೌಂಡ್ (ಸುಮಾರು 16.3 ಜೂಲ್) ಮೀರದ ಏರ್ ರೈಫಲ್‌ಗೆ ಪ್ರಮಾಣಪತ್ರ ಬೇಡ. 18 ತುಂಬಿದವರು ಮಾತ್ರ ಕೊಳ್ಳಬಹುದು. ಮನೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡುವುದು ಕಾನೂನಿನ ಕರ್ತವ್ಯ. 12 ಮೀರಿದರೆ ಪೊಲೀಸರು ಕೊಡುವ ಫೈರ್‌ಆರ್ಮ್ ಸರ್ಟಿಫಿಕೇಟ್ ಬೇಕು. ಸ್ಕಾಟ್ಲೆಂಡ್‌ನಲ್ಲಿ 2016ರ ಡಿಸೆಂಬರ್ 31ರಿಂದ ಕಡಿಮೆ ಶಕ್ತಿಯ ಏರ್ ರೈಫಲ್‌ಗೂ ಪ್ರತ್ಯೇಕ ಪ್ರಮಾಣಪತ್ರ ಬೇಕು. ಉತ್ತರ ಐರ್ಲೆಂಡ್‌ನಲ್ಲಿ ಮಿತಿ ಬರೀ 1 ಜೂಲ್.

ರಿಮ್‌ಫೈರ್: ಎಲ್ಲ ಕಡೆ ಪ್ರಮಾಣಪತ್ರ ಕಡ್ಡಾಯ. ಅರ್ಜಿಯಲ್ಲಿ ಸಕಾರಣ ತೋರಿಸಬೇಕು. ಮೊಲ ನಿಯಂತ್ರಣ ಮತ್ತು ಅದಕ್ಕೆ ಅನುಮತಿ ಇರುವ ಜಾಗ ಸಕಾರಣವೇ. ಆ ಜಾಗ ನೀವು ಕೇಳಿದ ಕ್ಯಾಲಿಬರಿಗೆ (ಗುಂಡಿನ ಅಳತೆಗೆ) ತಕ್ಕದ್ದೇ ಎಂದು ಪೊಲೀಸರು ನೋಡುತ್ತಾರೆ. ಮನೆಯಲ್ಲಿ ಬೀಗದ ಉಕ್ಕಿನ ಕಪಾಟು ಬೇಕು. ಎಷ್ಟು ತೋಟೆ ಇಟ್ಟುಕೊಳ್ಳಬಹುದು ಎನ್ನುವುದೂ ಪ್ರಮಾಣಪತ್ರದಲ್ಲೇ ಬರೆದಿರುತ್ತದೆ. ಹಂತ 1 ಮತ್ತು 2ರ ನಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲ್ಲಿಂದ, ಯಾವ ದಿಕ್ಕಿಗೆ, ಯಾವ ದಿಬ್ಬಕ್ಕೆ ಎಂದು ಸ್ಪಷ್ಟವಾಗಿ ಹೇಳಬಲ್ಲ ಅರ್ಜಿದಾರರ ಮಾತಿಗೆ ತೂಕ ಬರುತ್ತದೆ.

ಜಮೀನಿನ ಅನುಮತಿ ಯಾವತ್ತೂ ಬರಹದಲ್ಲಿರಲಿ. 1880ರ ಗ್ರೌಂಡ್ ಗೇಮ್ ಆಕ್ಟ್ ಪ್ರಕಾರ ಗೇಣಿದಾರ ರೈತನಿಗೂ ಮೊಲ ಹೊಡೆಯುವ ಹಕ್ಕಿದೆ. ಆದರೆ ಆ ಹಕ್ಕಿನ ಮೇಲೆ ಅವನು ಕೋವಿ ಹಿಡಿಯಲು ಲಿಖಿತವಾಗಿ ಒಪ್ಪಿಗೆ ಕೊಡಬಹುದಾದದ್ದು ತನ್ನನ್ನು ಬಿಟ್ಟು ಇನ್ನೊಬ್ಬನಿಗೆ ಮಾತ್ರ. ಗೇಣಿಯ ಜಮೀನಿಗೆ ಇಬ್ಬರು ಗೆಳೆಯರು ಜೊತೆಯಾಗಿ ಹೋಗುವ ಮುಂಚೆ ಇದನ್ನು ಬಗೆಹರಿಸಿಕೊಳ್ಳಿ.

ಹಂತ 4: ಯಾವುದು ಏನು ಮಾಡಬಲ್ಲದು, ಏನು ಮಾಡಲಾರದು

.177 ಏರ್ ರೈಫಲ್ (4.5 ಮಿ.ಮೀ.): ಸುಮಾರು 8.4 ಗ್ರೇನ್ (ಅರ್ಧ ಗ್ರಾಂಗಿಂತ ತುಸು ಹೆಚ್ಚು) ತೂಕದ ಪೆಲೆಟ್, ಕಾನೂನಿನ ಮಿತಿಯೊಳಗೆ ಸೆಕೆಂಡಿಗೆ ಸುಮಾರು 240 ಮೀಟರ್ ವೇಗ. 30 ಮೀಟರಿಗೆ ಝೀರೋ ಮಾಡಿದರೆ, ಅಂದರೆ ಆ ದೂರದಲ್ಲಿ ಪೆಲೆಟ್ ಸ್ಕೋಪ್ (ಗುರಿಯ ದುರ್ಬೀನು) ತೋರಿಸುವ ಬಿಂದುವಿಗೇ ಬೀಳುವಂತೆ ಹೊಂದಿಸಿದರೆ, 40 ಮೀಟರಿನಲ್ಲಿ ಮೂರ್ನಾಲ್ಕು ಸೆಂ.ಮೀ. ಇಳಿಯುತ್ತದೆ. ದೂರದ ಅಂದಾಜು ತುಸು ತಪ್ಪಿದರೂ ಸಹಿಸಿಕೊಳ್ಳುತ್ತದೆ.

.22 ಏರ್ ರೈಫಲ್ (5.5 ಮಿ.ಮೀ.): ಸುಮಾರು 16 ಗ್ರೇನ್ ಪೆಲೆಟ್, ಸೆಕೆಂಡಿಗೆ 170 ಮೀಟರಿನ ಆಸುಪಾಸು. ಬಡಿತ ಗಟ್ಟಿ. ಆದರೆ ಅದೇ 30 ಮೀಟರ್ ಝೀರೋದಿಂದ 40ಕ್ಕೆ ಏಳೆಂಟು ಸೆಂ.ಮೀ. ಇಳಿಯುತ್ತದೆ. ಎರಡರಲ್ಲೂ ಪ್ರಾಯೋಗಿಕ ಮಿತಿ 30ರಿಂದ 35 ಮೀಟರ್, ತಲೆಗೆ ಮಾತ್ರ. ಎದೆಗೆ ಹೊಡೆಯುವಷ್ಟು ಶಕ್ತಿ ಇವಕ್ಕಿಲ್ಲ. ಹೊಸಬರಿಗೆ ನಮ್ಮ ಸಲಹೆ .177. ಮೊಲದ ತಲೆಗೆ ಸರಿಯಾಗಿ ತಾಗಿದ .177 ಸಾಕಾಗುತ್ತದೆ, ಅಂಚಿಗೆ ತಾಗಿದ .22 ಸಾಕಾಗುವುದಿಲ್ಲ.

.22 ಎಲ್‌ಆರ್ ಸಬ್‌ಸಾನಿಕ್: 40 ಗ್ರೇನ್ ಹಾಲೋ ಪಾಯಿಂಟ್ (ತುದಿ ಟೊಳ್ಳಾದ) ಗುಂಡು, ಸೆಕೆಂಡಿಗೆ ಸುಮಾರು 320 ಮೀಟರ್, 130 ಜೂಲ್ ಆಸುಪಾಸು. ಅಂದರೆ ಏರ್ ರೈಫಲ್‌ನ ಎಂಟು ಪಟ್ಟು. ಶಬ್ದದ ವೇಗ ದಾಟದ ಕಾರಣ ನಳಿಗೆಯ ತುದಿಗೆ ಸದ್ದು ತಗ್ಗಿಸುವ ಮಾಡರೇಟರ್ ಹಾಕಿದರೆ ಸದ್ದು ತೀರಾ ಕಡಿಮೆ. ಒಂದು ಮೊಲ ಬಿದ್ದರೂ ಪಕ್ಕದವು ಮೇಯುತ್ತಲೇ ಇರುವುದುಂಟು. 50 ಮೀಟರಿಗೆ ಝೀರೋ ಮಾಡಿದರೆ 75ರಲ್ಲಿ ಸುಮಾರು 8 ಸೆಂ.ಮೀ., 100ರಲ್ಲಿ 20 ಸೆಂ.ಮೀ. ದಾಟಿ ಇಳಿಯುತ್ತದೆ. 70 ಮೀಟರಿನ ಆಚೆ ಇದನ್ನು ಬಳಸಬೇಡಿ. ಹೈ ವೆಲಾಸಿಟಿ (ಹೆಚ್ಚು ವೇಗದ) ತೋಟೆ ಮೊಲಕ್ಕೆ ಬೇಡ: ಸದ್ದು ಜಾಸ್ತಿ, ಲಾಭ ಕಡಿಮೆ.

.17 ಎಚ್‌ಎಂಆರ್: 17 ಗ್ರೇನ್ ಗುಂಡು, ಸೆಕೆಂಡಿಗೆ 775 ಮೀಟರ್ ಹತ್ತಿರ, 330 ಜೂಲ್. 100 ಮೀಟರಿಗೆ ಝೀರೋ ಮಾಡಿದರೆ ಅಲ್ಲಿಯವರೆಗೂ ಹೆಚ್ಚುಕಡಿಮೆ ನೇರ. ಶಬ್ದದ ವೇಗ ದಾಟುವುದರಿಂದ ಗುಂಡು ಸೀಳುವ ಸಿಡಿತವನ್ನು ಯಾವ ಮಾಡರೇಟರೂ ಅಡಗಿಸದು. ಕುದುರೆಗಳು ಬೆದರುತ್ತವೆ, ನೆರೆಮನೆಯವರು ಫೋನ್ ಮಾಡುತ್ತಾರೆ, ಬಯಲಿನ ಉಳಿದ ಮೊಲಗಳು ಬಿಲ ಸೇರುತ್ತವೆ. ಮೈಗೆ ತಗುಲಿದರೆ ಮಾಂಸ ಹಾಳು. ಗಾಳಿಗೆ ಬೇಗ ತಳ್ಳಿಸಿಕೊಳ್ಳುತ್ತದೆ: ಗಂಟೆಗೆ 16 ಕಿ.ಮೀ. ಅಡ್ಡಗಾಳಿಗೆ 100 ಮೀಟರಿನಲ್ಲಿ 8 ಸೆಂ.ಮೀ. ಹತ್ತಿರ ಸರಿಯುತ್ತದೆ.

ಏರ್ ರೈಫಲ್‌ಗೆ ಗಾಳಿಯೇ ಕಾಡದು ಎಂದುಕೊಳ್ಳಬೇಡಿ. ಅದೇ ಅಡ್ಡಗಾಳಿ 30 ಮೀಟರಿನಲ್ಲಿ ಪೆಲೆಟ್ಟನ್ನು ಸುಮಾರು 5 ಸೆಂ.ಮೀ. ತಳ್ಳುತ್ತದೆ. ನಿಮ್ಮ ಗುರಿಯ ಅಗಲ ಅದರ ಅರ್ಧ.

ಹಂತ 5: ತೀರ್ಮಾನ

ಮೇಯುವ ಜಾಗ 30 ಮೀಟರ್ ಒಳಗೆ, ಸುತ್ತ ಕಟ್ಟಡ, ಜಾನುವಾರು, ಮಣ್ಣಿನ ತಡೆ ಕಡಿಮೆ: ಏರ್ ರೈಫಲ್. ಬೇರೆ ಯೋಚನೆ ಬೇಡ.

ದೂರ 40ರಿಂದ 70 ಮೀಟರ್, ಹಿಂದೆ ಮೆತ್ತನೆ ಮಣ್ಣಿನ ಇಳಿಜಾರು, ಸದ್ದು ಆಗಬಾರದು: ಸಬ್‌ಸಾನಿಕ್ ತೋಟೆಯ .22 ಎಲ್‌ಆರ್. ದೊಡ್ಡ ಜಮೀನಿನ ಮೊಲ ನಿಯಂತ್ರಣಕ್ಕೆ ಇದಕ್ಕಿಂತ ಹೊಂದುವ ಕೋವಿ ಇಲ್ಲ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

80 ಮೀಟರಿಗಿಂತ ಹತ್ತಿರ ಹೋಗಲಾಗದ ತೆರೆದ ಬಯಲು, ಒಳ್ಳೆಯ ತಡೆ, ಹತ್ತಿರ ಮನೆಯಿಲ್ಲ: ಎಚ್‌ಎಂಆರ್.

ದೂರ 50 ಮೀಟರ್, ಆದರೆ ಜಾಗ ರಿಮ್‌ಫೈರಿಗೆ ಇಕ್ಕಟ್ಟು: ಪ್ರಮಾಣಪತ್ರದ ಮೇಲೆ ಕೊಳ್ಳುವ, 30 ಫುಟ್-ಪೌಂಡ್ ಆಸುಪಾಸಿನ .22 ಅಥವಾ .25 ಏರ್ ರೈಫಲ್. ಎಷ್ಟೋ ಜನ ಈ ನಡುವಣ ದಾರಿಯನ್ನು ಗಮನಿಸುವುದೇ ಇಲ್ಲ.

ಹಸಿರು ಗೆರೆಯೇ ಇಲ್ಲದ ಜಾಗದಲ್ಲಿ ಕೋವಿಯೇ ಬೇಡ. ಫೆರೆಟ್ (ಬಿಲಕ್ಕೆ ಬಿಟ್ಟು ಮೊಲವನ್ನು ಹೊರಗೋಡಿಸುವ, ಮುಂಗುಸಿಯಂಥ ಸಾಕುಪ್ರಾಣಿ), ಬಲೆ, ಬೇಲಿ ನೋಡಿ. ಮೊಲದ ಬೇಲಿಗೆ 31 ಮಿ.ಮೀ. ಕಣ್ಣಿನ ಜಾಲರಿ, ನೆಲದ ಮೇಲೆ 90 ಸೆಂ.ಮೀ. ಎತ್ತರ, ಬುಡದಲ್ಲಿ 15 ಸೆಂ.ಮೀ. ಮೊಲ ಬರುವ ಕಡೆಗೆ ಮಡಚಿ ಮಣ್ಣು ಮುಚ್ಚಬೇಕು. ಹೊಡೆತವೊಂದರಿಂದಲೇ ದೊಡ್ಡ ಬಿಲಸಮೂಹ ಖಾಲಿಯಾಗುವುದು ಅಪರೂಪ. ಮರಿ ಹಾಕುವ ಕಾಲ ಶುರುವಾಗುವ ಮುಂಚೆ, ಚಳಿಗಾಲದಲ್ಲಿ ಮಾಡಿದ ಕೆಲಸಕ್ಕೆ ಬೇಸಿಗೆಯ ಕೆಲಸಕ್ಕಿಂತ ಫಲ ಹೆಚ್ಚು.

ಹಂತ 6: ಜೊತೆಗೆ ಬೇಕಾದ ಸಾಮಾನು

ಸ್ಪ್ರಿಂಗ್ ಏರ್ ರೈಫಲ್‌ಗೆ ಬೇರೆ ಸಲಕರಣೆ ಬೇಡ, ಆದರೆ ಹೊಡೆಯಲು ಕಷ್ಟ. ಪಿಸ್ಟನ್ ಮುಂದಕ್ಕೂ ಹಿಂದಕ್ಕೂ ಒದೆಯುವುದರಿಂದ ಸಾಮಾನ್ಯ ಸ್ಕೋಪ್ ಹಾಳಾಗುತ್ತದೆ. ಏರ್‌ಗನ್ನಿಗೆಂದೇ ಮಾಡಿದ್ದು ಕೊಳ್ಳಿ. ಕೋವಿಯನ್ನು ಬಿಗಿಯಾಗಿ ಹಿಡಿದರೆ ಪೆಲೆಟ್ ಚದುರುತ್ತದೆ. ಅಂಗೈ ಮೇಲೆ ಸಡಿಲವಾಗಿ ಇರಿಸಿ, ಪ್ರತಿ ಸಲವೂ ಅದೇ ಜಾಗದಲ್ಲಿ. ಪೆಲೆಟ್ ತುಂಬುವಾಗ ಬಗ್ಗಿಸಿದ ನಳಿಗೆ ಅಥವಾ ಲಿವರನ್ನು ಒಂದು ಕೈಯಲ್ಲಿ ಹಿಡಿದೇ ಇರಬೇಕು. ಅದು ಜಾರಿ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ.

ಪಿಸಿಪಿ, ಅಂದರೆ ಮೊದಲೇ ಗಾಳಿ ತುಂಬಿಸುವ ರೈಫಲ್, ಒದೆಯುವುದಿಲ್ಲ. ಅದಕ್ಕೆ ಡೈವಿಂಗ್ ಸಿಲಿಂಡರ್ ಅಥವಾ ಕೈಪಂಪು ಬೇಕು. ತಯಾರಕರು ಹೇಳಿದ ಒತ್ತಡ ಮೀರಿ ತುಂಬಬೇಡಿ, ನಿಧಾನವಾಗಿ ತುಂಬಿ. ಅದರ ಸೀಲುಗಳಿಗೆ ಪೆಟ್ರೋಲಿಯಂ ಎಣ್ಣೆ ಹಚ್ಚಲೇಬಾರದು. ಹೆಚ್ಚಿನ ಒತ್ತಡದ ಗಾಳಿಯಲ್ಲಿ ಅದು ಹೊತ್ತಿಕೊಳ್ಳಬಲ್ಲದು. ಸಿಲಿಕೋನ್ ಗ್ರೀಸ್ ಮಾತ್ರ.

ಸ್ಕೋಪ್‌ನಲ್ಲಿ ಪ್ಯಾರಲಾಕ್ಸ್, ಅಂದರೆ ಅದು ಯಾವ ದೂರಕ್ಕೆ ಹೊಂದಿಸಿದ್ದು ಎಂದು, ನೋಡಿ. 100 ಗಜಕ್ಕೆ ಹೊಂದಿಸಿದ ದೊಡ್ಡ ಬೇಟೆಯ ಸ್ಕೋಪ್ 25 ಮೀಟರಿನಲ್ಲಿ ಮಸುಕಾಗುತ್ತದೆ, ಕಣ್ಣು ತುಸು ಸರಿದರೂ ಗುರಿ ಸರಿಯುತ್ತದೆ. ಏರ್ ರೈಫಲ್‌ಗೆ 10 ಮೀಟರಿನಿಂದ ಹೊಂದಿಸಬಹುದಾದದ್ದು, .22 ಎಲ್‌ಆರ್‌ಗೆ 50 ಗಜದ ರಿಮ್‌ಫೈರ್ ಸ್ಕೋಪ್ ಸರಿ.

ಹಂತ 7: ಪೆಲೆಟ್, ತೋಟೆ ಆರಿಸಿ ಝೀರೋ ಮಾಡಿ

ಒಂದೇ ಕಾರ್ಖಾನೆಯ ಎರಡು ರೈಫಲ್‌ಗಳೂ ಬೇರೆ ಬೇರೆ ತೋಟೆ ಇಷ್ಟಪಡುತ್ತವೆ. ನಾಲ್ಕೈದು ಬಗೆ ತಂದು ಗಾಳಿಯಿಲ್ಲದ ದಿನ ಮರಳುಚೀಲದ ಮೇಲಿಟ್ಟು, ಪ್ರತಿ ಬಗೆಯಿಂದ ಐದೈದು ಈಡು ಹೊಡೆಯಿರಿ. ಬಗೆ ಬದಲಿಸಿದಾಗ ಮೊದಲ ಕೆಲವು ಈಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಳಿಗೆ ಹೊಸ ಸೀಸಕ್ಕೆ, ಮೇಣಕ್ಕೆ ಒಗ್ಗಬೇಕು. ಏರ್ ರೈಫಲ್‌ಗೆ ದುಂಡನೆಯ ತಲೆಯ ಪೆಲೆಟ್ಟೇ ಮೇಲು. ಚೂಪು ತುದಿಯವು ನೋಡಲು ಚೆಂದ, ಗುರಿಯಲ್ಲಿ ಹಿಂದೆ.

ಝೀರೋ ದೂರ: ಏರ್ ರೈಫಲ್ 30 ಮೀಟರ್, .22 ಎಲ್‌ಆರ್ 50, ಎಚ್‌ಎಂಆರ್ 100. ಒಂದೊಂದು ಈಡಿಗೂ ಸ್ಕೋಪ್ ತಿರುಗಿಸಬೇಡಿ. ಐದು ಹೊಡೆದು, ಗುಂಪಿನ ನಡುವನ್ನು ನೋಡಿ ತಿರುಗಿಸಿ. ಆಮೇಲೆ ಪ್ರತಿ 5 ಅಥವಾ 10 ಮೀಟರಿಗೊಂದು ಕಾಗದ ಕಟ್ಟಿ ಎಷ್ಟು ಮೇಲೆ, ಎಷ್ಟು ಕೆಳಗೆ ಬೀಳುತ್ತದೆ ಎಂದು ಬರೆದು ಕೋವಿಯ ಹಿಡಿಗೆ ಅಂಟಿಸಿ. ಏರ್ ರೈಫಲ್‌ನವರು 10 ಮೀಟರಿನ ಸಾಲನ್ನು ಬಿಡಬೇಡಿ: ಸ್ಕೋಪ್ ನಳಿಗೆಗಿಂತ ಮೇಲಿರುವುದರಿಂದ ಹತ್ತಿರದಲ್ಲಿ ಪೆಲೆಟ್ ಗುರಿಗಿಂತ ಕೆಳಗೆ ಬೀಳುತ್ತದೆ. ಹತ್ತಿರದ ಮೊಲ ತಪ್ಪಿಹೋಗುವುದು ಇದರಿಂದಲೇ.

ತೋಟೆಯ ಬ್ರ್ಯಾಂಡ್ ಬದಲಿಸಿದಿರೋ, ಮಾಡರೇಟರ್ ಕಳಚಿ ಹಾಕಿದಿರೋ, ಕೋವಿ ಕೆಳಗೆ ಬಿತ್ತೋ, ಝೀರೋ ಮತ್ತೆ ಪರೀಕ್ಷಿಸಿ.

ಹಂತ 8: 25 ಮಿ.ಮೀ. ಪರೀಕ್ಷೆ

ಕಾಗದದ ಮೇಲೆ 25 ಮಿ.ಮೀ. ವೃತ್ತ ಬರೆಯಿರಿ. ಮೇಜಿನಿಂದಲ್ಲ, ಹೊಲದಲ್ಲಿ ನಿಜವಾಗಿ ಹೊಡೆಯುವ ಭಂಗಿಯಲ್ಲಿ: ಮೊಣಕಾಲೂರಿ, ಕೋಲಿನ ಆಸರೆಯಲ್ಲಿ, ಮಲಗಿ. ಹತ್ತಕ್ಕೆ ಹತ್ತೂ ವೃತ್ತದೊಳಗೆ ಬೀಳುವ ಅತಿ ಹೆಚ್ಚಿನ ದೂರವೇ ಆ ಭಂಗಿಯಲ್ಲಿ ನಿಮ್ಮ ಮಿತಿ. ಹಂತ 4ರಲ್ಲಿ ಹೇಳಿದ ದೂರಗಳು ಕೋವಿಯವು, ಇದು ನಿಮ್ಮದು. ಎರಡರಲ್ಲಿ ಚಿಕ್ಕದನ್ನೇ ಪಾಲಿಸಬೇಕು. ಮಲಗಿ 35 ಮೀಟರ್ ಹೊಡೆಯಬಲ್ಲವರು ಮೊಣಕಾಲೂರಿದಾಗ 20ಕ್ಕೆ ಇಳಿಯುವುದು ಸಹಜ.

ಹಂತ 9: ಹೊಲದಲ್ಲಿ

ಗುರಿ ಪಕ್ಕದಿಂದ ಕಾಣುವ ತಲೆಯಲ್ಲಿ, ಕಣ್ಣು ಮತ್ತು ಕಿವಿಯ ಬುಡದ ನಡುವೆ. ಮೊಲ ನಿಂತಿರಬೇಕು. ಹುಲ್ಲುಕಡ್ಡಿಯೊಂದು ಅಡ್ಡವಿದ್ದರೂ ಪೆಲೆಟ್ ದಾರಿ ತಪ್ಪುತ್ತದೆ, ಕಾಯಿರಿ. .22 ಎಲ್‌ಆರ್, ಎಚ್‌ಎಂಆರ್‌ಗಳಲ್ಲಿ ಎದೆಯ ಹೊಡೆತವೂ ಕೊಲ್ಲುತ್ತದೆ, ಆದರೂ ತಲೆಯೇ ಮೇಲು. ಬಿಲದ ಬಾಯಲ್ಲೇ ಕೂತ ಮೊಲಕ್ಕೆ ಹೊಡೆಯಬೇಡಿ. ಗಾಯವಾದರೆ ಒಳಗೆ ಬಿದ್ದುಹೋಗುತ್ತದೆ.

ಬಿದ್ದ ಮೊಲ ಕದಲುತ್ತಿದ್ದರೆ ಕೂಡಲೇ ಎರಡನೇ ಈಡು. ಹತ್ತಿರ ಹೋದಾಗ ಕಡ್ಡಿಯಿಂದ ಕಣ್ಣುಗುಡ್ಡೆ ಮುಟ್ಟಿ ನೋಡಿ. ರೆಪ್ಪೆ ಮಿಟುಕಿದರೆ ಇನ್ನೂ ಜೀವವಿದೆ. ಕಣ್ಣು, ಮೂತಿ ಊದಿಕೊಂಡ ಮೊಲ ಮಿಕ್ಸೊಮಟೋಸಿಸ್ ರೋಗದ್ದಾಗಿರಬಹುದು, ಅಡುಗೆಗೆ ಬೇಡ.

ರಾತ್ರಿಯ ಕೆಲಸಕ್ಕೆ ಥರ್ಮಲ್ ಸ್ಕೋಪ್ ಬಳಸುವವರು ಒಂದು ವಿಷಯ ಗಮನಿಸಬೇಕು. ಅದು ಬಿಸಿ ಮೈಯನ್ನು ತೋರಿಸುತ್ತದೆ. ನಡುವಣ ತಂತಿಬೇಲಿ, ಹಿಂದಿನ ಕಲ್ಲುಗೋಡೆ ಅದರಲ್ಲಿ ಕರಗಿಹೋಗುತ್ತವೆ. ಹಗಲಿನಲ್ಲಿ ಹಸಿರು ಗೆರೆ ಎಳೆದ ದಿಕ್ಕಿಗೆ ಮಾತ್ರ ರಾತ್ರಿ ಹೊಡೆಯಿರಿ.

ಎಚ್ಚರಿಕೆಯ ಲಕ್ಷಣಗಳು

ರಿಮ್‌ಫೈರ್‌ನಲ್ಲಿ ಎಂದಿನ ಸದ್ದಿನ ಬದಲು ಪುಸ್ಸೆಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಇನ್ನೊಂದು ಹೊಡೆಯಲೇಬೇಡಿ. ಕೋವಿ ಖಾಲಿ ಮಾಡಿ, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ತೆಗೆದು, ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಟ್ರಿಗರ್ ಎಳೆದರೂ ತೋಟೆ ಹಾರದಿದ್ದರೆ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ಬೋಲ್ಟ್ ತೆರೆಯಿರಿ.

ಎಚ್‌ಎಂಆರ್‌ನಲ್ಲಿ ಬೋಲ್ಟ್ ಬಿಗಿಯಾಗಿ ಏಳುವುದು, ಖಾಲಿ ತೋಟೆಯ ಕತ್ತು ಸೀಳಿರುವುದು ಕಂಡರೆ ಆ ಪೆಟ್ಟಿಗೆಯ ತೋಟೆ ನಿಲ್ಲಿಸಿ. ಗುಂಪು ಮೆಲ್ಲಗೆ ಅಗಲವಾಗುತ್ತಿದ್ದರೆ ನಳಿಗೆಯಲ್ಲಿ ತಾಮ್ರ ಕೂತಿದೆ, ಸ್ವಚ್ಛ ಮಾಡಿ. .22 ಎಲ್‌ಆರ್‌ನಲ್ಲಿ ಮಾಡರೇಟರ್ ತೂಕ ಹೆಚ್ಚುತ್ತಾ ಹೋದರೆ ಅದರೊಳಗೆ ಸೀಸ ತುಂಬಿದೆ. ಒಂದೊಂದು ಗುಂಡು ಮಾತ್ರ ದೂರ ಹಾರಿದರೆ ಮಾಡರೇಟರಿನ ತಿರುಪು ಸಡಿಲವಾಗಿ ಗುಂಡು ಅದರ ಅಂಚಿಗೆ ಉಜ್ಜುತ್ತಿದೆಯೇ ನೋಡಿ.

ಸ್ಪ್ರಿಂಗ್ ಏರ್ ರೈಫಲ್ ಹೊಗೆಯುಗುಳಿ ಜೋರಾಗಿ ಸಿಡಿದರೆ ಒಳಗೆ ಎಣ್ಣೆ ಹೆಚ್ಚಾಗಿ ಹೊತ್ತಿಕೊಳ್ಳುತ್ತಿದೆ. ವೇಗ ಏರುಪೇರಾಗುವುದಲ್ಲದೆ ಕಾನೂನಿನ ಮಿತಿಯೂ ಮೀರಬಹುದು. ಪಿಸಿಪಿಯಲ್ಲಿ ಈಡುಗಳು ಒಂದರ ಹಿಂದೊಂದು ಕೆಳಗಿಳಿಯುತ್ತಿದ್ದರೆ ಗೇಜ್ ನೋಡಿ, ಗಾಳಿ ರೆಗ್ಯುಲೇಟರ್ (ಒತ್ತಡ ಸಮವಾಗಿಡುವ ಭಾಗ) ಮಟ್ಟಕ್ಕಿಂತ ಇಳಿದಿರುತ್ತದೆ. ರಾತ್ರಿ ತುಂಬಿಟ್ಟ ಒತ್ತಡ ಬೆಳಿಗ್ಗೆ ಇಲ್ಲದಿದ್ದರೆ ಸೀಲು ಸೋರುತ್ತಿದೆ. ಅದನ್ನು ಬಿಚ್ಚುವ ಮುಂಚೆ ಉಳಿದ ಗಾಳಿಯನ್ನು ಪೂರ್ತಿ ಹೊರಬಿಡಿ. ಬಿಚ್ಚಿ ರೂಢಿಯಿಲ್ಲದವರು ಕೋವಿ ರಿಪೇರಿ ಮಾಡುವವರ ಕೈಗೆ ಕೊಡಿ.